ಹೆಜ್ಜೆಯಲ್ಲಿ ನೆಲೆಸಿದ ಹಾಡು: ಕಾಲಿ ನಗರದ ಒಂದು ರಾತ್ರಿ

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ನೈಋತ್ಯದಲ್ಲಿ, ಆಂಡಿಸ್ ಪರ್ವತದ ಪಶ್ಚಿಮ ಶ್ರೇಣಿಗೂ ಕೌಕಾ ನದಿಗೂ ನಡುವೆ ಕಾಲಿ ಎಂಬ ನಗರವಿದೆ. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದ ಈ ಊರಿನಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಊರು ದಾಟಿದರೆ ಕಣ್ಣು ಹರಿದಷ್ಟು ದೂರವೂ ಕಬ್ಬಿನ ಗದ್ದೆ. ಸಮಭಾಜಕ ವೃತ್ತ ಸಮೀಪದಲ್ಲಿರುವುದರಿಂದ ವರ್ಷವಿಡೀ ಸಂಜೆ ಆರರ ಸುಮಾರಿಗೇ ಕತ್ತಲಾಗುತ್ತದೆ. ಹಗಲಿನ ಧಗೆ ಇಳಿದ ಮೇಲೆ ಪಶ್ಚಿಮದ ಬೆಟ್ಟಗಳನ್ನು ದಾಟಿ ತಂಗಾಳಿ ಬೀಸುತ್ತದೆ; ಜನ ಬಾಗಿಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕನ್ನಡದ ಕಿವಿಗೆ ಊರಿನ ಹೆಸರಿನಲ್ಲೇ ‘ಕಾಲು’ ಕೇಳಿಸುತ್ತದೆ. ಅದು ಆಕಸ್ಮಿಕ, ಆದರೂ ಈ ಊರಿನವರು ತಮ್ಮ ಸಂತೋಷದ ಬಹುಪಾಲನ್ನು ಕಾಲುಗಳಿಗೇ ಒಪ್ಪಿಸಿರುವುದು ನಿಜ.

ಆ ಸಂತೋಷವನ್ನು ಕಾಣಬಯಸುವವರು ಶನಿವಾರ ರಾತ್ರಿ ಒಬ್ರೆರೊ ಬಡಾವಣೆಗೆ ಹೋಗುತ್ತಾರೆ. ಒಬ್ರೆರೊ ಎಂದರೆ ಕಾರ್ಮಿಕ. ಹೆಸರಿಗೆ ತಕ್ಕಂತೆ ಇದು ದುಡಿಯುವವರ ಕೇರಿ. ಇಲ್ಲಿನ ಸಾಲ್ಸಾ ಕುಣಿತದ ಮನೆಗಳಲ್ಲಿ ಗೋಡೆಯ ಮೇಲೆ ಹಿಂದಿನ ಗಾಯಕರ ಮತ್ತು ವಾದಕರ ಚಿತ್ರಗಳು, ಸುತ್ತ ಮೇಜುಗಳು, ನಡುವೆ ತೆರವಾದ ನೆಲ. ಒಂಬತ್ತಕ್ಕೆ ಬಂದವರಿಗೆ ತಾವು ಬೇಗ ಬಂದೆವೆನ್ನಿಸುತ್ತದೆ. ಹನ್ನೊಂದಕ್ಕೆ ಬಂದವರಿಗೆ ಕಾಲಿಡಲು ಜಾಗವಿರುವುದಿಲ್ಲ. ಮೇಜಿನ ಸುತ್ತ ಅಜ್ಜಿ, ಮಗಳು, ಅಳಿಯ, ನೆರೆಮನೆಯವರು ಒಟ್ಟಾಗಿ ಕುಳಿತಿರುತ್ತಾರೆ. ಕೆಲವರು ಮನೆಯಿಂದಲೇ ಕಬ್ಬಿಣದ ಗಂಟೆಯನ್ನೋ ಗಿಲಕಿಯನ್ನೋ ತಂದಿರುತ್ತಾರೆ. ಧ್ವನಿಮುದ್ರಿಕೆ ತಿರುಗಲಾರಂಭಿಸಿದೊಡನೆ ಅದರ ತಾಳಕ್ಕೆ ತಾವೂ ಬಾರಿಸುತ್ತಾರೆ. ಹಾಡಿದವರು ಎಷ್ಟೋ ದೂರದವರು, ಹಲವರು ಗತಿಸಿದವರು. ಬಾರಿಸುವವರು ಮಾತ್ರ ಈ ಕೇರಿಯವರು.

ಸಾಲ್ಸಾ ಎಂಬುದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಗೊಜ್ಜು ಎಂದರ್ಥ. ಹಲವು ಪದಾರ್ಥಗಳು ಬೆರೆತ ಈ ಸಂಗೀತಕ್ಕೆ ಆ ಹೆಸರು ಒಪ್ಪುತ್ತದೆ. ಕ್ಯೂಬಾ ದ್ವೀಪದ ಕಬ್ಬಿನ ತೋಟಗಳಿಗೆ ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕದ ಜನರ ತಾಳವೂ ಸ್ಪೇನಿನವರ ತಂತಿವಾದ್ಯವೂ ಕೂಡಿ ಅಲ್ಲಿ ‘ಸೋನ್’ ಎಂಬ ಗಾಯನ ಹುಟ್ಟಿತು. ಕ್ಯೂಬಾ ಮತ್ತು ಪೋರ್ಟೊ ರಿಕೊಗಳಿಂದ ವಲಸೆ ಹೋದವರು ಅದನ್ನು ನ್ಯೂಯಾರ್ಕಿನ ಬೀದಿಗಳಿಗೆ ಒಯ್ದು ಜಾಸ್ ಸಂಗೀತದ ಕಹಳೆಗಳನ್ನು ಸೇರಿಸಿದರು. 1960 ಮತ್ತು 70ರ ದಶಕಗಳಲ್ಲಿ ಅದಕ್ಕೆ ಸಾಲ್ಸಾ ಎಂಬ ಹೆಸರು ನಿಂತಿತು. ಅದರ ಬೆನ್ನೆಲುಬು ‘ಕ್ಲಾವೆ’: ಎರಡು ಗಟ್ಟಿಮರದ ಕೋಲುಗಳಿಂದ ಬಾರಿಸುವ ಐದು ಪೆಟ್ಟುಗಳು, ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು. ಕುಣಿಯುವವರ ಲೆಕ್ಕ ಆದಿತಾಳದಂತೆ ಎಂಟರದು. ಮೂರು ಹೆಜ್ಜೆ, ಒಂದು ತಡೆ. ಮತ್ತೆ ಮೂರು ಹೆಜ್ಜೆ, ಒಂದು ತಡೆ. ಹೊಸಬರು ಹೆಜ್ಜೆಯನ್ನು ಬೇಗ ಕಲಿಯುತ್ತಾರೆ. ತಡೆಯನ್ನು ಕಲಿಯಲು ಕಾಲ ಬೇಕು.

ಗಮನಿಸಬೇಕಾದ ಸಂಗತಿಯೆಂದರೆ, ಇದಾವುದೂ ಕಾಲಿಯಲ್ಲಿ ಹುಟ್ಟಿದ್ದಲ್ಲ. ಬೆಟ್ಟಗಳಾಚೆ, ಶಾಂತಸಾಗರದ ದಡದಲ್ಲಿ ಬ್ವೆನವೆಂಚುರಾ ಎಂಬ ಬಂದರಿದೆ. ಅಲ್ಲಿಗೆ ಬರುತ್ತಿದ್ದ ನಾವಿಕರು ಕ್ಯೂಬಾದ ಮತ್ತು ನ್ಯೂಯಾರ್ಕಿನ ಧ್ವನಿಮುದ್ರಿಕೆಗಳನ್ನು ತಂದರು. ಅವು ಘಟ್ಟ ಹತ್ತಿ ಕಾಲಿಗೆ ಬಂದವು. ವಾದ್ಯಗಾರರು ದೂರದಲ್ಲಿದ್ದರು, ಮುದ್ರಿಕೆ ಮಾತ್ರ ಕೈಯಲ್ಲಿತ್ತು. 1960ರ ದಶಕದ ಹುಡುಗರಿಗೆ ಕೆಲವು ಹಾಡುಗಳ ನಡೆ ನಿಧಾನವೆನ್ನಿಸಿತು. ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ಮುದ್ರಿಕೆಯನ್ನು ಅವರು 45 ಸುತ್ತಿಗೆ ಇಟ್ಟರು. ಹಾಡು ಓಡಿತು, ಅದರ ಹಿಂದೆ ಕಾಲುಗಳೂ ಓಡಬೇಕಾಯಿತು. ಮೈ ನೆಟ್ಟಗೆ, ಭುಜ ಸ್ಥಿರವಾಗಿ, ಮೊಣಕಾಲಿನ ಕೆಳಗೆ ಮಾತ್ರ ಮಿಂಚು: ಈ ನಗರದ್ದೇ ಆದ ಶೈಲಿ ಬೆಳೆದದ್ದು ಹೀಗೆ. ಬೇರೆಡೆಯ ಸಾಲ್ಸಾ ಕಲಿತು ಬಂದವರು ಈ ನೆಲದ ಮೇಲೆ ಮೊದಲ ಹಾಡಿಗೇ ಏದುಸಿರು ಬಿಡುತ್ತಾರೆ.

ಅದೇ ಬಂದರಿನ ದಾರಿಯಲ್ಲಿ ಬಂದ ಇನ್ನೊಂದು ಸರಕನ್ನು ಈ ಊರು ಮರೆತಿಲ್ಲ. ಡೈನಮೈಟ್ ತುಂಬಿದ ಸೈನ್ಯದ ಏಳು ಟ್ರಕ್ಕುಗಳು ರಾಜಧಾನಿಗೆ ಹೋಗುವ ಹಾದಿಯಲ್ಲಿ ಇಲ್ಲಿ ತಂಗಿದ್ದವು. 1956ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಅವು ಸಿಡಿದವು. ಮಲಗಿದ್ದ ಸಾವಿರಕ್ಕೂ ಹೆಚ್ಚು ಮಂದಿ ಮತ್ತೆ ಏಳಲಿಲ್ಲ; ಕೇರಿ ಕೇರಿಗಳೇ ನೆಲಸಮವಾದವು. ಮರುವರ್ಷ, 1957ರ ಡಿಸೆಂಬರಿನಲ್ಲಿ, ಕುಗ್ಗಿದ್ದ ಊರಿಗೆ ಚೇತನ ತುಂಬಲೆಂದು ಜಾತ್ರೆಯೊಂದನ್ನು ಆರಂಭಿಸಲಾಯಿತು. ಅದೇ ಇಂದು ಡಿಸೆಂಬರ್ 25ರಿಂದ 30ರವರೆಗೆ ನಡೆಯುವ ಕಾಲಿಯ ದೊಡ್ಡ ಜಾತ್ರೆ. ಈಗ ಅದರ ಮೊದಲ ದಿನ ಸಾಲ್ಸಾ ಶಾಲೆಗಳ ನೂರಾರು ನರ್ತಕರು ರಸ್ತೆಯುದ್ದಕ್ಕೂ ಕುಣಿಯುತ್ತ ಸಾಗುತ್ತಾರೆ. ಹೊರಗಿನವರಿಗೆ ಅದು ಬರಿಯ ಗದ್ದಲವಾಗಿ ಕಾಣಬಹುದು. ಆ ಕುಣಿತದ ಅಡಿಯಲ್ಲಿ ಒಂದು ಬೂದಿಯ ಪದರವಿದೆ.

ಕಲಿಕೆಯ ಕಥೆಯೂ ಸ್ವಾರಸ್ಯಕರವಾದುದೇ. 60ರ ದಶಕದಲ್ಲಿ ಶಾಲೆಗೆ ಹೋಗುವ ವಯಸ್ಸಿನವರಿಗಾಗಿ ಭಾನುವಾರಗಳಂದು ಹಗಲು ಕುಣಿತಕೂಟಗಳು ನಡೆಯುತ್ತಿದ್ದವು. ಅಲ್ಲಿ ಮದ್ಯವಿರಲಿಲ್ಲ, ‘ಲೂಲೊ’ ಎಂಬ ಹುಳಿಹಣ್ಣಿನ ಪಾನಕದ ಹೆಸರೇ ಆ ಕೂಟಗಳಿಗೆ ಬಿದ್ದಿತ್ತು. ಮುಂದೆ ಮಾದಕವಸ್ತುಗಳ ವ್ಯಾಪಾರದಿಂದ ಬಂದ ಹಣ ಊರಿನಲ್ಲಿ ಹರಿದಾಡಿ, ಬೆಡಗಿನ ದೊಡ್ಡ ಕ್ಲಬ್ಬುಗಳು ಎದ್ದವು. 1995ರಲ್ಲಿ ಆ ಕೂಟದ ಮುಖಂಡರು ಸೆರೆಯಾದ ಮೇಲೆ ಆ ಬೆಡಗು ಕರಗಿತು. ಉಳಿದದ್ದು ಹಳೆಯ ಮುದ್ರಿಕೆಗಳು ಮತ್ತು ಅವುಗಳಿಗೆ ಕುಣಿಯಲು ಬಲ್ಲ ಹಿರಿಯರು. ವೃದ್ಧರಿಗಾಗಿ ಏರ್ಪಡಿಸಿದ್ದ ‘ವಿಯೆಹೊಟೆಕಾ’ ಎಂಬ ಕೂಟಗಳಿಗೆ ಆ ದಶಕದಲ್ಲಿ ಯುವಕರೂ ಬರತೊಡಗಿದರು. ಹಣ ಹೋದ ದಾರಿಯಲ್ಲಿ ಹಾಡು ಹೋಗಲಿಲ್ಲ. ಅದನ್ನು ಅಜ್ಜ ಅಜ್ಜಿಯರು ಹಿಡಿದುಕೊಂಡಿದ್ದರು.

ಈ ನಗರದ ಗೀತೆಯೆಂದೇ ಜನ ಭಾವಿಸುವ ‘ಕಾಲಿ ಪಚಾಂಗೆರೊ’ ಎಂಬ ಹಾಡು 1984ರದು. ಅದನ್ನು ರಚಿಸಿದ ಹೈರೊ ವರೇಲಾ ಈ ಊರಿನವನಲ್ಲ. ಉತ್ತರದ ಚೊಕೊ ಪ್ರಾಂತದ ಕಿಬ್ದೊ ಪಟ್ಟಣದಲ್ಲಿ ಹುಟ್ಟಿದವನು. ಇಂದು ಕಾಲಿಯ ನಡುವಣ ಚೌಕವೊಂದಕ್ಕೆ ಅವನ ಹೆಸರಿದೆ. ಅಲ್ಲಿ ಕಹಳೆಗಳ ಭಾರಿ ಸ್ಮಾರಕ ನಿಂತಿದೆ. ತಾಳ ಆಫ್ರಿಕದ್ದು, ಹಾಡು ಕ್ಯೂಬಾದ್ದು, ಹೆಸರು ನ್ಯೂಯಾರ್ಕಿನಲ್ಲಿ ನಿಂತದ್ದು, ಕವಿ ಬೇರೆ ಊರಿನವನು. ಹಾಗಿದ್ದರೆ ಸಾಲ್ಸಾ ಯಾರದು ಎಂದು ಕಾಲಿಯಲ್ಲಿ ಯಾರೂ ವಾದಿಸುವುದಿಲ್ಲ. ದಿನವೂ ಬಳಸುವವರ ಮನೆಯಲ್ಲಿ ಅದು ಬಾಳುತ್ತದೆ. ಹುಟ್ಟಿದ ಊರಿನ ಹಕ್ಕುಪತ್ರದಿಂದ ಬಾಳುವುದಿಲ್ಲ.

ಒಬ್ರೆರೊದ ಕುಣಿತದ ಮನೆಯಲ್ಲಿ ನಡುರಾತ್ರಿ ಕಳೆದಿದೆ. ನೆಲದ ಮೇಲೆ ಜಾಗವಿಲ್ಲದವರು ಮೇಜುಗಳ ಸಂದಿಯಲ್ಲೇ ಕುಣಿಯುತ್ತಿದ್ದಾರೆ. ಇಲ್ಲಿ ಅಪರಿಚಿತರಿಗೂ ಕೈ ನೀಡಿ ಕುಣಿತಕ್ಕೆ ಕರೆಯುವುದು ವಾಡಿಕೆ. ಹಾಡು ಮುಗಿದೊಡನೆ ವಂದಿಸಿ ಅವರವರ ಮೇಜಿಗೆ ಮರಳುವುದೂ ವಾಡಿಕೆ. ದೂರದೇಶದ ಹುಡುಗನೊಬ್ಬ ಲೆಕ್ಕ ತಪ್ಪಿ ನಿಂತರೆ, ಜತೆಗಾರ್ತಿಯಾದ ನರೆಗೂದಲ ಹೆಂಗಸು ನಗುವುದಿಲ್ಲ. ಅವನ ಅಂಗೈಯನ್ನು ಬೆರಳಿನಿಂದ ತಟ್ಟುತ್ತಾಳೆ: ಮೂರು, ಎರಡು, ಮೂರು, ಎರಡು. ಮಾತು ತಿಳಿಯದಿದ್ದರೂ ತಾಳ ತಿಳಿಯುತ್ತದೆ. ತಡೆಯಬೇಕಾದಲ್ಲಿ ಅವನ ಕಾಲು ಮೊದಲ ಬಾರಿಗೆ ತಾನಾಗಿ ತಡೆಯುತ್ತದೆ. ಪಕ್ಕದ ಮೇಜಿನಲ್ಲಿ ಗಂಟೆ ಹಿಡಿದ ಮುದುಕ ಅದನ್ನು ಕಂಡು ತಲೆದೂಗಿ, ಬಾರಿಸುವುದನ್ನು ಮುಂದುವರಿಸುತ್ತಾನೆ.