ಸಗರನಾಡ ತಿರುಗಾಟ

ಊರು ನೋಡಲು ಹೊರಟವರು ಕಣ್ಣಿಗಷ್ಟೇ ಕೆಲಸ ಕೊಡುತ್ತಾರೆ. ಒಂದು ಗುಡಿ, ಒಂದು ಕೋಟೆ, ನಾಲ್ಕು ಫೋಟೊ, ಮತ್ತೆ ಬಸ್ಸು. ನನಗದು ಸಾಲದು. ಬೆಳಿಗ್ಗೆ ನೋಡಿದ ನೆಲದ ಕೂಳು ಮಧ್ಯಾಹ್ನ ಹೊಟ್ಟೆಗೆ ಬೀಳಬೇಕು, ಅದೇ ನೆಲದ ಹಾಡು ರಾತ್ರಿ ಕಿವಿಗೆ ಬೀಳಬೇಕು. ಈ ಸುಖಕ್ಕಾಗಿ ನಾನು ಮತ್ತೆ ಮತ್ತೆ ಹೋಗುವುದು ಸಗರನಾಡಿಗೆ, ಶಹಾಪುರ–ಸುರಪುರದ ಸೀಮೆಗೆ.

ಶಹಾಪುರಕ್ಕೆ ಬಿಸಿಲೇರುವ ಮುಂಚೆ ಮುಟ್ಟಬೇಕು. ಹೆದ್ದಾರಿಯಲ್ಲಿ ಭೀಮರಾಯನಗುಡಿ ಕಡೆ ನಡೆಯುತ್ತ ಗುಡ್ಡದ ಸಾಲನ್ನು ನೋಡುತ್ತಿದ್ದರೆ, ಒಂದು ಜಾಗದಲ್ಲಿ ಅದು ಮಲಗಿದ ಬುದ್ಧನಾಗುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಸ್ಪಷ್ಟ. ಬೇರೆ ಬೇರೆ ಗುಡ್ಡಗಳು ಒಂದರ ಹಿಂದೊಂದು ಸೇರಿ ಮೂಡಿದ ಆಕಾರ ಅದು. ನಾಲ್ಕು ಹೆಜ್ಜೆ ಆಚೀಚೆಯಾದರೆ ಮೂಗು ಮೊಂಡಾಗುತ್ತದೆ. ಗುಡ್ಡದ ಬುಡಕ್ಕೆ ಹೋದರಂತೂ ಬರೇ ಬಂಡೆ. ಅದಕ್ಕೇ ನನಗೆ ಗುಡ್ಡ ಹತ್ತುವುದಕ್ಕಿಂತ ಈ ರಸ್ತೆಯಲ್ಲಿ ಹಿಂದೆ ಮುಂದೆ ಅಡ್ಡಾಡುವುದೇ ಹೆಚ್ಚು ಇಷ್ಟ. ಊರೊಳಗೆ ಚರಬಸವೇಶ್ವರ ಗದ್ದುಗೆಗೆ ಕೈಮುಗಿದು ಸುರಪುರದ ಬಸ್ಸು ಹಿಡಿಯುತ್ತೇನೆ.

ದಾರಿಯುದ್ದಕ್ಕೂ ಹೊಲಗಳು ಕಾಲುವೆಯ ಕತೆ ಹೇಳುತ್ತವೆ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಹರಿದ ಮೇಲೆ ಜೋಳದ ಎರೆಹೊಲ ಎಷ್ಟೋ ಕಡೆ ಭತ್ತದ ಗದ್ದೆಯಾಗಿದೆ. ಹಸಿರು ಕಂಡರೆ ಖುಷಿಯೇ. ಆದರೂ ಬಿಳಿಜೋಳದ ತೆನೆ ತೂಗುವ ಹೊಲ ಎದುರಾದಾಗ ನನ್ನ ಜೀವ ಹಿಗ್ಗುವಷ್ಟು ಗದ್ದೆ ಕಂಡಾಗ ಹಿಗ್ಗುವುದಿಲ್ಲ.

ಸುರಪುರದಲ್ಲಿ ಟೇಲರ್ ಮಂಜಿಲ್ ನೋಡದೆ ನಾನು ಮುಂದೆ ಹೋಗಿಲ್ಲ. ರಾಜ ವೆಂಕಟಪ್ಪ ನಾಯಕ ಇನ್ನೂ ಹುಡುಗನಾಗಿದ್ದಾಗ ಸಂಸ್ಥಾನದ ಉಸ್ತುವಾರಿಗೆ ಬಂದ ಫಿಲಿಪ್ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆಯಿದು. ಹುಡುಗ ತನ್ನನ್ನು ‘ಅಪ್ಪಾ’ ಎನ್ನುತ್ತಿದ್ದನೆಂದು ಟೇಲರನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದೇ ಹುಡುಗ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೆರೆಸಿಕ್ಕ, ಇಪ್ಪತ್ತರ ಹರೆಯದಲ್ಲೇ ಸತ್ತ. ಸುತ್ತಲ ಬಂಡೆಗುಡ್ಡಗಳನ್ನು ನೋಡುತ್ತ ನಿಂತಾಗ ಆ ಒಂದು ‘ಅಪ್ಪಾ’ ನನ್ನನ್ನು ಬಹಳ ಹೊತ್ತು ಕಾಡುತ್ತದೆ. ಟೇಲರ್ 1876ರಲ್ಲಿ ಕಣ್ಣುಮುಚ್ಚಿದ್ದು ದೂರದ ಫ್ರಾನ್ಸಿನ ಮೆಂಟನ್ ಎಂಬ ಕಡಲದಂಡೆಯ ಊರಿನಲ್ಲಿ.

ಹೊಟ್ಟೆ ಹಸಿದಾಗ ಖಾನಾವಳಿ ಹುಡುಕಲು ಬೋರ್ಡು ಬೇಕಿಲ್ಲ, ರೊಟ್ಟಿ ಬಡಿಯುವ ಪಟಪಟ ಸದ್ದೇ ಸಾಕು. ಒಲೆಯ ಮುಂದೆ ಕುಂತ ಅವ್ವ ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ದು ನಾದುತ್ತಾಳೆ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಕುದಿನೀರಿಗೇ ಅದು ಒಂದಾಗಿ ನಿಲ್ಲುವುದು. ಬಡಿದ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರಬೇಕು, ನೀರು ಆರುವಷ್ಟರಲ್ಲಿ ತಿರುವಬೇಕು. ಆಮೇಲೆ ಅದು ಉಬ್ಬುವುದನ್ನು ನೋಡುವುದೇ ಒಂದು ಹಬ್ಬ. ಜತೆಗೆ ಪುಂಡಿಪಲ್ಯ. ಹುಳಿ ಸೊಪ್ಪಿಗೆ ಬ್ಯಾಳಿ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಸೇರಿಸಿ ಕುದಿಸಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟಿರುತ್ತಾರೆ. ಮೇಲೆ ಹಸಿ ಕುಸುಬಿ ಎಣ್ಣೆ ಬಿದ್ದರೆ ಹುಳಿಗೆ ಒಂದು ಸಾವಧಾನ ಬರುತ್ತದೆ. ಶೇಂಗಾ ಹಿಂಡಿ, ಗುದ್ದಿ ಒಡೆದ ಉಳ್ಳಾಗಡ್ಡಿ, ಮೊಸರು. “ಇನ್ನೊಂದು ಬಿಸೀದು ಹಾಕ್ತೀನಿ, ಉಣ್ಣಪ್ಪಾ” ಎಂದು ಅವ್ವ ಅಂದಾಗ ಬೇಡವೆನ್ನಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ.

ಸಂಜೆಗೆ ಕೃಷ್ಣೆಯ ದಂಡೆ, ತಿಂಥಣಿ. ಮೌನೇಶ್ವರನ ಸನ್ನಿಧಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಭಕ್ತರು ಕೂಗುವ ಘೋಷದಲ್ಲಿ ಪೀರ, ಪೈಗಂಬರರ ಹೆಸರೂ ಮಹಾದೇವನ ಹೆಸರೂ ಒಂದೇ ಉಸಿರಿನಲ್ಲಿ ಬರುತ್ತವೆ. ಕತ್ತಲಾದ ಮೇಲೆ ಕಟ್ಟೆಯ ಮೇಲೆ ಭಜನೆಯವರು ಕೂಡುತ್ತಾರೆ. ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಹಾರ್ಮೋನಿಯಂ. ಹಗಲು ಹೊಲದಲ್ಲಿ ದುಡಿದ ಕೈಗಳೇ ಇವು. ಏಕತಾರಿಗೆ ಇರುವುದು ಒಂದೇ ತಂತಿ. ಅದು ರಾಗ ನುಡಿಸುವುದಿಲ್ಲ, ಶ್ರುತಿ ಹಿಡಿದು ಕೂತಿರುತ್ತದೆ. ಮುಂದಿನವ ಪಲ್ಲವಿ ಎತ್ತುತ್ತಾನೆ, ಹಿಂದಿನವರು ತಿರುಗಿ ಅನ್ನುತ್ತಾರೆ. ನುಡಿಯಿಂದ ನುಡಿಗೆ ದಮ್ಮಡಿ ಬಿರುಸಾಗಿ, ಕೊನೆಯ ನುಡಿಯ ಹೊತ್ತಿಗೆ ಕೂತವರ ಮೈಯೆಲ್ಲ ತಾಳ. ಕಡಕೋಳ ಮಡಿವಾಳಪ್ಪನ ಪದವಾದ ಮೇಲೆ ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದ. ಗುರುವಿನ ಮಾತಿಗೆ ಶಿಷ್ಯ ಅಲ್ಲೇ ಎದುರು ಕುಂತು ಓಗೊಟ್ಟಂತೆ ಕೇಳಿಸುತ್ತದೆ.

ಟೇಲರ್ ಕಣ್ಣುಮುಚ್ಚಿದ ಅದೇ ಫ್ರಾನ್ಸಿನಲ್ಲಿ 1982ರಿಂದ ಪ್ರತಿ ಜೂನ್ 21ಕ್ಕೆ ಸಂಗೀತದ ಹಬ್ಬವಿದೆ. ಅಂದು ಯಾರು ಬೇಕಾದರೂ ಬೀದಿಯಲ್ಲಿ ನಿಂತು ಹಾಡಬಹುದು, ನುಡಿಸಬಹುದು, ಕೇಳಲು ಟಿಕೆಟ್ಟಿಲ್ಲ. ಬಹಳ ಒಳ್ಳೆಯ ಏರ್ಪಾಡು. ನಮ್ಮ ಸೀಮೆಯಲ್ಲಿ ಅದಕ್ಕೆ ಅಮಾವಾಸ್ಯೆ, ಹುಣ್ಣಿಮೆ, ಜಾತ್ರೆ, ಸತ್ತವರ ಮನೆಯ ರಾತ್ರಿ ಎಲ್ಲವೂ ಆಗುತ್ತದೆ. ಹಾಡುಗಾರನಿಗೆ ಸಭೆ ಬೇಕಿಲ್ಲ, ಪಲ್ಲವಿ ತಿರುಗಿ ಅನ್ನುವವರು ನಾಲ್ಕು ಮಂದಿ ಇದ್ದರಾಯಿತು. ಹೊಸಬ ಬಂದರೂ ಕೈಗೆ ತಾಳ ಕೊಟ್ಟು ಕೂರಿಸಿಕೊಳ್ಳುತ್ತಾರೆ.

ಒಮ್ಮೆ ಕೊನೆಯ ಬಸ್ಸಿಗೆಂದು ನಾನು ಎದ್ದಾಗ ದಮ್ಮಡಿ ಬಾರಿಸುತ್ತಿದ್ದ ಹಿರಿಯರು ತಡೆದರು: “ಪದ ಅರ್ಧಕ್ಕ ಬಿಟ್ಟು ಏಳಬಾರದ್ರಿ. ಕುಂದರ್ರಿ, ಚಾ ಬರ್ತದ.” ಕುಂತೆ. ಚಾ ಬಂತು, ಬಸ್ಸು ಹೋಯಿತು, ಇನ್ನೊಬ್ಬರು ಹಾರ್ಮೋನಿಯಂ ತಮ್ಮ ಕಡೆ ಎಳೆದುಕೊಂಡು ಹೊಸ ಪದ ಎತ್ತಿದರು.