ಫೋಟೋದಲ್ಲಿ ಇಲ್ಲದ ಅಜ್ಜಿ

ಈ ಸಲ ಗೌರಿ ಹಬ್ಬಕ್ಕೆ ಧೂಳು ಹೊಡೆಯುವಾಗ ಅಜ್ಜಿ-ತಾತನ ಫೋಟೋ ಇಳಿಸಿದೆ. 1936ರಲ್ಲಿ, ಮದುವೆಯಾದ ಹೊಸದರಲ್ಲಿ, ಮೈಸೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ತಾತ ಕುರ್ಚಿಯಲ್ಲಿ ಠೀವಿಯಿಂದ ಕೂತಿದ್ದಾರೆ. ಅಜ್ಜಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಾರೆ. ಹಿಂದೆ ಪರದೆಯ ಮೇಲೆ ಬರೆದ ಅರಮನೆ ಕಂಬಗಳು. ಅವರಿದ್ದದ್ದು ಮಣ್ಣುಗೋಡೆಯ ಮನೆ ಅನ್ನಿ!

"ಮುತ್ತಜ್ಜಿ ಯಾಕಮ್ಮ ಇಷ್ಟು ಗಂಟುಮುಖ? ಕುಂಕುಮ ಯಾಕೆ ಕಪ್ಪಗಿದೆ?" ಅಂದಳು ಮಗಳು.

ಹಳೇ ಪ್ಲೇಟುಗಳಿಗೆ ಕೆಂಪು ಸರಿಯಾಗಿ ಹತ್ತುತ್ತಿರಲಿಲ್ಲ, ಕುಂಕುಮ ಕಪ್ಪಾಗಿ ಮೂಡುತ್ತಿತ್ತು. ಇನ್ನು ಗಂಟುಮುಖ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರನ ಫೋಟೋ ವಿದ್ಯೆ ಲೋಕಕ್ಕೆ ತಿಳಿದ ಹೊಸದರಲ್ಲಿ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತಂತೆ. ತಲೆಗೆ ಹಿಂದಿನಿಂದ ಕಬ್ಬಿಣದ ಆಸರೆ ಬೇರೆ. ನಗು ಅಷ್ಟು ಹೊತ್ತು ನಿಲ್ಲುತ್ತದೆಯೇ? ಅಜ್ಜಿಯ ಕಾಲಕ್ಕೆ ಅಷ್ಟೆಲ್ಲ ಕಾಯಬೇಕಿರಲಿಲ್ಲ, ಬಿಗಿದ ಮುಖದ ರೂಢಿ ಮಾತ್ರ ಉಳಿದಿತ್ತು. ಸಾಲದ್ದಕ್ಕೆ ಎದುರಿಗೆ ಗುರುತಿಲ್ಲದ ಗಂಡಸು. ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳ್ 1892ರಲ್ಲೇ ಹೆಂಗಸರಿಗೆಂದು ಬೇರೆ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಹೆಂಗಸಿಗೇ ವಹಿಸಿದ್ದರು. ನಮ್ಮಜ್ಜಿಗೆ ಆ ಭಾಗ್ಯ ಎಲ್ಲಿ ಬಂತು?

ಅಜ್ಜಿಯೇ ಹೇಳುತ್ತಿದ್ದರು: "ಅಡ್ಡಿಕೆ ನಮ್ಮತ್ತೇದು, ಕಾಸಿನ ಸರ ಪಕ್ಕದ ಮನೆಯವರದು, ಸೀರೆ ಓರಗಿತ್ತೀದು. ಮುಖ ಒಂದೇ ನಂದು ಕಣೇ."

ಅದೂ ಪೂರ್ತಿ ಅವರದಲ್ಲ. ಅಜ್ಜಿಯ ಕೆನ್ನೆ ತುಂಬ ಸಿಡುಬಿನ ಕಲೆ. ಚಿಕ್ಕವಳಿದ್ದಾಗ ತೊಡೆಯ ಮೇಲೆ ಮಲಗಿ, ಕುಳಿಗಳನ್ನು ಬೆರಳಲ್ಲಿ ಎಣಿಸುತ್ತಾ ನಿದ್ದೆ ಹೋಗುತ್ತಿದ್ದೆ. ಫೋಟೋದಲ್ಲಿ ಒಂದೂ ಇಲ್ಲ. ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದಿ ಕಲೆ ಮರೆಸುವುದು ಆಗಿನ ಸ್ಟುಡಿಯೋಗಳ ವಾಡಿಕೆ. ಅಜ್ಜಿಯನ್ನು ಕಂಡಿರದ ನನ್ನ ಮಗಳಿಗೆ ಈ ನುಣುಪು ಕೆನ್ನೆಯೇ ಮುತ್ತಜ್ಜಿ.

ಬಾಗಿನ ಕೊಡಲು ಬಂದ ತಮ್ಮ, "ಕಂಪ್ಯೂಟರಿನಲ್ಲಿ ಸರಿ ಮಾಡಿಸ್ತೀನಿ ಅಕ್ಕ, ಬಣ್ಣ ತುಂಬಿಸಿ ಇನ್ನಷ್ಟು ಬೆಳ್ಳಗೆ ಮಾಡ್ತಾರೆ" ಅಂದ. ನಾನು ಬೇಡ ಅಂದೆ. "ಸತ್ತವರು ಲಕ್ಷಣವಾಗಿ ಕಂಡರೆ ನಿನಗೇನು ಕಷ್ಟ?" ಅಂದ. ಮಾತಿಗೆ ಮಾತು ಬೆಳೀತು. ಒಬ್ಬಟ್ಟು ಬಡಿಸಿದ ಎಲೆ ಬಿಟ್ಟು ಎದ್ದುಹೋದ. ಹಬ್ಬದ ದಿನ ಹೀಗಾಯಿತಲ್ಲ ಅಂತ ಹೊಟ್ಟೆ ಉರಿಯಿತು.

ಸಂಜೆ ಫೋಟೋ ತಿರುಗಿಸಿ ನೋಡಿದೆ. ರಟ್ಟಿನ ಮೇಲೆ ಮಾಸಿದ ಶಾಯಿಯಲ್ಲಿ ತಾತನ ಹೆಸರು, ಪಕ್ಕದಲ್ಲಿ 'ಕುಟುಂಬ ಸಹಿತ' ಅಂತ ಮಾತ್ರ. ಅದರ ಕೆಳಗೆ ಅಜ್ಜಿಯ ಹೆಸರು ಬರೆದೆ. ಎರಡು ಕೆನ್ನೆಗೂ ಸಿಡುಬಿನ ಕಲೆ ಇತ್ತು ಅಂತಲೂ ಬರೆದೆ. ಮತ್ತೆ ಅದೇ ಮೊಳೆಗೆ ನೇತುಹಾಕಿ ತಮ್ಮನಿಗೆ ಫೋನ್ ಮಾಡಿದೆ.

ಇನ್ನೂ ಎತ್ತಿಲ್ಲ.