ಎರಡು ಮೇಣಗಳು

ಜೇನುಮೇಣವನ್ನೂ ಕಲ್ಲೆಣ್ಣೆಯಿಂದ ತೆಗೆದ ಪ್ಯಾರಾಫಿನ್ ಮೇಣವನ್ನೂ ಒಂದೇ ಪಾತ್ರೆಯಲ್ಲಿ ಕರಗಿಸಿದರೆ ಹಾಲೂ ನೀರೂ ಬೆರೆತಂತೆ ಒಂದಾಗುವುವು. ಆರಿದ ಬಿಲ್ಲೆಯನ್ನು ಕಂಡವರಿಗೆ ಅದರಲ್ಲಿ ಎರಡು ವಸ್ತುಗಳಿವೆಯೆಂದು ಸುಲಭವಾಗಿ ತೋರದು. ನಮ್ಮೂರಿನಲ್ಲಿ ಜೇನು ಸಾಕುವ ಮನೆಗಳವರು ಈ ಸಂಗತಿಯನ್ನು ಒಂದು ಬೇಸಗೆಯಲ್ಲಿ ಹೆಚ್ಚಿನ ಬೆಲೆ ತೆತ್ತು ತಿಳಿಯಬೇಕಾಯಿತು.

ಜೇನುಪೆಟ್ಟಿಗೆಯ ಚೌಕಟ್ಟಿನಲ್ಲಿ ಅಚ್ಚೊತ್ತಿದ ಮೇಣದ ಹಾಳೆಯನ್ನು ಕೂರಿಸುವ ಉಪಾಯವನ್ನು ೧೮೫೭ರಲ್ಲಿ ಜರ್ಮನಿಯ ಯೋಹಾನೆಸ್ ಮೇರಿಂಗ್ ಎಂಬವರು ಕಂಡುಹಿಡಿದರು. ಆ ಹಾಳೆಯ ಷಟ್ಕೋನಗಳ ಮೇಲೆ ನೊಣಗಳು ಗೋಡೆಯೆಬ್ಬಿಸಿ ಎರಿ ಕಟ್ಟುವುವು. ಮರಿಗಳಿರುವ ಭಾಗವನ್ನು ಸುಮಾರು ೩೫ ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ ಕಾಯುವುವು. ಶುದ್ಧ ಜೇನುಮೇಣವು ಕರಗುವುದು ೬೨ರಿಂದ ೬೫ ಡಿಗ್ರಿಯಲ್ಲಿ. ಅಂಗಡಿಯಿಂದ ಆ ವರ್ಷ ತಂದ ಹಾಳೆಗಳೂ ೬೦ ದಾಟಿದ ಮೇಲೆಯೇ ಕರಗಿದವು. ಹಾಗಿದ್ದೂ ಎಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಜೇನು ತುಂಬಿದ ಎರಿಗಳು ಜೋತು, ಹರಿದು, ಪೆಟ್ಟಿಗೆಯ ತಳಕ್ಕೆ ಬಿದ್ದವು. ನೊಣಗಳು ತಮ್ಮ ಜೇನಿನಲ್ಲೇ ಮುಳುಗಿ ಸತ್ತವು. ನೆರೆಮನೆಯ ತಾಯಿಯೊಬ್ಬರಿಗೆ ಆ ಜೇನೇ ಮಗಳ ಶಾಲೆಯ ಫೀಸಾಗಿತ್ತು.

ಕರಗದ ವಸ್ತು ಜೋತುಬೀಳುವುದೆಂತು? ವಾಚಕ ಭಗಿನಿಯರಲ್ಲಿ ಅನೇಕರಿಗೆ ನ್ಯಾಫ್ತಲೀನಿನ ಪಾಠವು ನೆನಪಿದ್ದೀತು. ಕರಗಿದ ನ್ಯಾಫ್ತಲೀನ್ ಆರುವಾಗ ಅರ್ಧ ನಿಮಿಷಕ್ಕೊಮ್ಮೆ ಉಷ್ಣಮಾನವನ್ನು ಬರೆದರೆ, ೮೦ ಡಿಗ್ರಿಯಲ್ಲಿ ರೇಖೆಯು ಸಮತಟ್ಟಾಗಿ ನಿಂತು, ಎಲ್ಲವೂ ಹೆಪ್ಪುಗಟ್ಟಿದ ಬಳಿಕವೇ ಇಳಿಯುವುದು. ಮೇಣದ ರೇಖೆ ಹಾಗೆ ನಿಲ್ಲದು, ಓರೆಯಾಗಿ ಇಳಿಯುತ್ತ ಹೋಗುವುದು. ಮೇಣವೆಂಬುದು ಒಂದು ವಸ್ತುವಲ್ಲ, ಚಿಕ್ಕವೂ ದೊಡ್ಡವೂ ಆದ ಅಣುಸರಪಣಿಗಳ ಸಂತೆ. ಉದ್ದದವು ಮೊದಲು ಹರಳುಗಟ್ಟುವುವು. ಗಿಡ್ಡವು ಅವುಗಳ ನಡುವೆ ಬಹಳ ಹೊತ್ತು ಮೆತ್ತಗೇ ಉಳಿಯುವುವು. ಪ್ಯಾರಾಫಿನ್ನಿನ ಹರಳುಗಳಂತೂ ಕರಗುವುದಕ್ಕೆ ಎಷ್ಟೋ ಮೊದಲೇ, ಇನ್ನೂ ಗಟ್ಟಿಯಾಗಿ ಕಾಣುತ್ತಿರುವಾಗಲೇ, ತಮ್ಮ ಜೋಡಣೆಯನ್ನು ಬದಲಿಸಿ ಸಡಿಲವಾಗುವುವು. ಆದುದರಿಂದ ಕರಗುವ ಡಿಗ್ರಿಯನ್ನು ಮಾತ್ರ ನೋಡಿ ಹಾಳೆಯ ಬಲವನ್ನು ನಿರ್ಣಯಿಸಲಾಗದು; ಬೆರಕೆಯವನಿಗೆ ಅದೇ ಅನುಕೂಲ.

ಬೆರಕೆಯನ್ನು ಹಿಡಿದುಕೊಟ್ಟವಳು ನಮ್ಮ ಶಾಲೆಯಲ್ಲಿ ಕಲಿತು ಈಗ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುವ ಸೋದರಿಯೊಬ್ಬಳು. ಮದ್ಯಸಾರದಲ್ಲಿ ಪೊಟ್ಯಾಷ್ ಕ್ಷಾರವನ್ನು ಕರಗಿಸಿ, ಅದರೊಡನೆ ಮೇಣವನ್ನು ಕುದಿಸಿದಳು. ಜೇನುಮೇಣದ ಬಹುಭಾಗ ಸಾಬೂನಾಗುವುದು; ಪ್ಯಾರಾಫಿನ್ ಎಷ್ಟು ಕುದಿಸಿದರೂ ಸಾಬೂನಾಗದು. ಆರುವಾಗ ಶುದ್ಧ ಮೇಣದ ದ್ರವವು ೬೫ ಡಿಗ್ರಿಗೆ ಇಳಿಯುವವರೆಗೆ ತಿಳಿಯಾಗಿರಬೇಕು. ನಮ್ಮದು ಅದಕ್ಕೆ ಬಹಳ ಮೊದಲೇ ಕದಡಿತು. ಆ ಕಾಗದವನ್ನು ತೋರಿಸಿದ ಮೇಲೆ ಅಂಗಡಿಯವರು ಹಣವನ್ನು ಹಿಂದಿರುಗಿಸಿದರು. ನೊಣಗಳಿಗೆ ಬೆಲೆ ಕಟ್ಟಲಿಲ್ಲ.

ಪ್ಯಾರಾಫಿನ್ನನ್ನು ದೂರುವುದು ನನ್ನ ಉದ್ದೇಶವಲ್ಲ. ಬಾತಿಕ್ ಬಟ್ಟೆಗೆ ಎರಡನ್ನೂ ಬೇಕೆಂದೇ ಬೆರೆಸುವರು: ಪ್ಯಾರಾಫಿನ್ ಬಿರಿದು ಬಣ್ಣಕ್ಕೆ ಸೂಕ್ಷ್ಮ ಗೆರೆಗಳ ದಾರಿ ಕೊಡುವುದು, ಜೇನುಮೇಣ ಬಾಗಿ ಬಟ್ಟೆಯನ್ನು ಹಿಡಿದಿರುವುದು. ಈಗ ನಾವು ಹಳೆಯ ಎರಿಗಳನ್ನು ಕುದಿಸಿ, ಸೋಸಿ, ಹಾಳೆಗಳನ್ನು ಮನೆಯಲ್ಲೇ ಒತ್ತಿಕೊಳ್ಳುತ್ತೇವೆ. ಬೆರಕೆಯ ಹಾಳೆಗಳಲ್ಲಿ ಉಳಿದುದನ್ನು ನೆರೆಮನೆಯ ತಾಯಿಯವರು ಮೇಣದಬತ್ತಿ ಮಾಡಿದರು. ಅವು ಚೆನ್ನಾಗಿಯೇ ಉರಿಯುತ್ತವೆ.